ಬಿ.ಪಿ. ನೋಡುವಾಗ ಕೈಯನ್ನೂ ಹಿಡಿದು ನೋಡಿ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ಹೃದಯದ ವಿಷಯ ಮನೆಮಾತಾಯಿತು. ಆಂಜಿಯೋಗ್ರಾಮ್, ಸ್ಟೆಂಟ್, ಬ್ಲಾಕ್, ಗೋಲ್ಡನ್ ಅವರ್ ಎಂಬ ಪದಗಳು ಆಸ್ಪತ್ರೆಯ ಹೊಸ್ತಿಲು ದಾಟಿ ಬೆಂಗಳೂರಿನ ಬಾಪೂಜಿ ನಗರದ ಟೀ ಅಂಗಡಿಗಳ ಮುಂದೆಯೂ ಕೇಳಿಬರತೊಡಗಿದವು. ಸರ್ಕಾರ 2023ರಲ್ಲಿ ಅವರದೇ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದು, ತಾಲ್ಲೂಕು ಆಸ್ಪತ್ರೆಗೆ ಎದೆನೋವೆಂದು ಬಂದವರಿಗೆ ಕೂಡಲೇ ಇ.ಸಿ.ಜಿ. ತೆಗೆದು, ಬೇಕಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಏರ್ಪಾಟು ಮಾಡಿತು. 2025ರಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಲೆಕ್ಕ ತೆಗೆದು ನೋಡಿ, ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜ ಏರಿಕೆಯೇನೂ ಇಲ್ಲ ಎಂದು ವರದಿ ಕೊಟ್ಟಿತು. ಭಯ ಇಳಿಯಿತು, ಮಾತು ಮಾತ್ರ ನಿಲ್ಲಲಿಲ್ಲ. ಆದರೆ ಇಷ್ಟೂ ವರ್ಷಗಳ ಮಾತು ಹೃದಯದ ಅರ್ಧಭಾಗದ ಬಗ್ಗೆ ಮಾತ್ರ ನಡೆದಿದೆ. ರಕ್ತನಾಳ ಕಟ್ಟಿಕೊಂಡಿತೇ, ಕೆಳಗಿನ ಕೋಣೆಯ ಪಂಪು ಎಷ್ಟು ಶೇಕಡಾ ಕೆಲಸ ಮಾಡುತ್ತಿದೆ, ಇವೆರಡೇ ನಮ್ಮ ಪ್ರಶ್ನೆ. ಮೇಲಿನ ಎರಡು ಕೋಣೆಗಳು, ಶಾಲೆಯ ಪುಸ್ತಕದಲ್ಲಿ ಹೃತ್ಕರ್ಣಗಳೆಂದು ಓದಿ ಪರೀಕ್ಷೆ ಮುಗಿದ ದಿನವೇ ಮರೆತವು, ಈ ಚರ್ಚೆಯಲ್ಲಿ ಎಲ್ಲೂ ಕಾಣುವುದಿಲ್ಲ. ಈ ಮರೆವಿಗೆ ನಮ್ಮ ಹಿರಿಯರು ಲಕ್ವದ ರೂಪದಲ್ಲಿ ಬೆಲೆ ತೆರುತ್ತಿದ್ದಾರೆ. ಅದನ್ನು ತಗ್ಗಿಸಲು ಮೊದಲು ಬೇಕಾಗಿರುವುದು ಹೊಸ ಆಸ್ಪತ್ರೆಯೂ ಅಲ್ಲ, ಹೊಸ ಯಂತ್ರವೂ ಅಲ್ಲ. ವಾರ್ಡಿನ ಕ್ಲಿನಿಕ್ಕಿನಲ್ಲಿ ಬಿ.ಪಿ. ನೋಡುವವರು ಅರ್ಧ ನಿಮಿಷ ಮಣಿಕಟ್ಟು ಹಿಡಿದರೆ ಕೆಲಸ ಶುರುವಾಗುತ್ತದೆ.

ಮೇಲ್ಕೋಣೆಗಳ ಕೆಲಸ ಏನೆಂಬುದನ್ನು ಮೊದಲು ನೋಡೋಣ. ದೇಹದಿಂದ ಮರಳಿದ ರಕ್ತ ಬಲಗಡೆಯ ಮೇಲ್ಕೋಣೆಗೂ, ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಎಡಗಡೆಯ ಮೇಲ್ಕೋಣೆಗೂ ಬಂದು ಸೇರುತ್ತದೆ. ಕೆಳಗಿನ ಕೋಣೆ ಬಿಗಿಹಿಡಿದು ರಕ್ತ ಚಿಮ್ಮುತ್ತಿರುವಾಗ ನಡುವಿನ ಕವಾಟ ಮುಚ್ಚಿರುತ್ತದೆ. ಆಗ ಮೇಲ್ಕೋಣೆ ಹಿಗ್ಗಿ, ಬರುತ್ತಿರುವ ರಕ್ತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕವಾಟ ತೆರೆದ ಕೂಡಲೇ ಆ ರಕ್ತ ಕೆಳಕ್ಕೆ ಧುಮುಕುತ್ತದೆ, ಹಿಂದಿನಿಂದ ಬರುವುದೂ ನೇರವಾಗಿ ಹರಿದು ಹೋಗುತ್ತದೆ. ಕೊನೆಗೆ, ಕೆಳಕೋಣೆ ಮತ್ತೆ ಬಿಗಿಯಾಗುವ ಸ್ವಲ್ಪ ಮೊದಲು, ಮೇಲ್ಕೋಣೆ ತಾನೇ ಒಮ್ಮೆ ಕುಗ್ಗಿ ಉಳಿದ ರಕ್ತವನ್ನು ಒಳಕ್ಕೆ ತಳ್ಳುತ್ತದೆ. ಇದನ್ನು ವಿಲಿಯಂ ಹಾರ್ವೆ 1628ರಷ್ಟು ಹಿಂದೆಯೇ ಕಂಡು ಬರೆದಿದ್ದ: ಮೊದಲು ಮೇಲಿನವು ಕುಗ್ಗುತ್ತವೆ, ಅವು ತಳ್ಳಿದ ರಕ್ತ ಕೆಳಗಿನವನ್ನು ತುಂಬುತ್ತದೆ ಎಂದು. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಬೆಳಿಗ್ಗೆ ಹೊರಡುವ ಬಸ್ಸಿಗೆ ಬಹುಪಾಲು ಜನ ತಾವಾಗಿಯೇ ಹತ್ತುತ್ತಾರೆ, ಬಾಗಿಲಲ್ಲಿ ನಿಂತ ಕೊನೆಯ ಕೆಲವರನ್ನು ಒಳಕ್ಕೆ ಸರಿಸಿ ‘ರೈಟ್’ ಹೇಳುವುದು ಕಂಡಕ್ಟರು, ಇಲ್ಲಿಯೂ ಹಾಗೆಯೇ. ಆರೋಗ್ಯವಂತ ಯುವಕ ಸುಮ್ಮನೆ ಕುಳಿತಿದ್ದಾಗ ಕೆಳಕೋಣೆ ತುಂಬುವುದರಲ್ಲಿ ಶೇ 70ರಿಂದ 80ರಷ್ಟು ತಾನಾಗಿ ಹರಿದು ಬರುವುದು, ಉಳಿದ ಶೇ 20ರಿಂದ 30ರಷ್ಟು ಮೇಲ್ಕೋಣೆ ತಳ್ಳಿ ಕಳಿಸುವುದು. ಒಂದು ಬಡಿತಕ್ಕೆ 70 ಮಿಲಿಲೀಟರ್ ರಕ್ತ ಹೊರಹೋಗುತ್ತದೆ ಎಂದಿಟ್ಟುಕೊಂಡರೆ ಮೇಲ್ಕೋಣೆಯ ಪಾಲು ಹದಿನೈದು ಇಪ್ಪತ್ತು ಮಿಲಿಲೀಟರ್, ಒಂದು ಸಣ್ಣ ಲೋಟದಲ್ಲಿ ಒಂದು ಗುಟುಕು. ಆದರೆ ನಿಮಿಷಕ್ಕೆ 70 ಸಲ ಎಂದು ಲೆಕ್ಕ ಹಾಕಿದರೆ ಅದು ಒಂದು ಲೀಟರಿಗೂ ಮಿಗಿಲು.

ಪಠ್ಯಪುಸ್ತಕ ಹೇಳುವ ಈ ‘ಶೇ 20’ ಎಂಬ ಅಂಕಿಯೇ ಮೇಲ್ಕೋಣೆಗಳ ಬಗ್ಗೆ ನಮಗಿರುವ ಅಸಡ್ಡೆಗೆ ಮೂಲ. ನೂರರಲ್ಲಿ ಇಪ್ಪತ್ತು ಹೋದರೆ ಏನಂತೆ, ಎಂಬತ್ತು ಇದೆಯಲ್ಲ ಎನ್ನಿಸುವುದು ಸಹಜ. ಅಂಕಿ ತಪ್ಪಲ್ಲ, ಆದರೆ ಅದು ಯಾರದು ಎಂಬುದನ್ನು ಮರೆಯುತ್ತೇವೆ. ಅದು ಇಪ್ಪತ್ತರ ಹರೆಯದ, ಬಿ.ಪಿ. ಇಲ್ಲದ, ಕುರ್ಚಿಯಲ್ಲಿ ಕುಳಿತ ದೇಹದ ಲೆಕ್ಕ. ವಯಸ್ಸಾದಂತೆ ಕೆಳಕೋಣೆಯ ಗೋಡೆ ಗಡುಸಾಗುತ್ತದೆ, ಸಲೀಸಾಗಿ ಸಡಿಲಗೊಳ್ಳುವುದಿಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ದಶಕಗಳ ಕಾಲ ಆರೋಗ್ಯವಂತರನ್ನೇ ಅಳೆದು ನೋಡಿದ ಅಧ್ಯಯನದ ಪ್ರಕಾರ, ಕವಾಟ ತೆರೆದ ಕೂಡಲೇ ತಾನಾಗಿ ತುಂಬಿಕೊಳ್ಳುವ ವೇಗ ಇಪ್ಪತ್ತರ ವಯಸ್ಸಿನಿಂದ ಎಂಬತ್ತರ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ ಕೊರತೆಯನ್ನು ತುಂಬುವುದು ಮೇಲ್ಕೋಣೆಯ ತಳ್ಳಾಟವೇ. ಅದರ ಪಾಲು ಶೇ 30, 40ಕ್ಕೆ ಏರುತ್ತದೆ. ಎಕೋ ವರದಿಯಲ್ಲಿ ತಾನಾಗಿ ಹರಿದು ಬಂದದ್ದಕ್ಕೆ ‘ಇ’, ಮೇಲ್ಕೋಣೆ ತಳ್ಳಿದ್ದಕ್ಕೆ ‘ಎ’ ಎಂದು ಎರಡು ಅಲೆಗಳನ್ನು ಬರೆದು, ‘ಎ’ ದೊಡ್ಡದಾಗಿದೆ ಎಂದು ವೈದ್ಯರು ಗುರುತು ಹಾಕುವುದು ಇದನ್ನೇ. ಬಹುತೇಕ ಮನೆಯವರು ವರದಿಯ ಆ ಸಾಲನ್ನು ದಾಟಿ, ಕೆಳಕೋಣೆಯ ಪಂಪಿನ ಶೇಕಡಾ ಹೇಳುವ ‘ಇ.ಎಫ್. 60’ ಎಂಬ ಕಡೆ ಕಣ್ಣು ಹಾಯಿಸಿ ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ. ಬಹಳ ವರ್ಷಗಳ ಬಿ.ಪಿ. ಇದ್ದವರಲ್ಲಿ ಗೋಡೆ ಇನ್ನಷ್ಟು ದಪ್ಪ, ಇನ್ನಷ್ಟು ಗಡುಸು. ನಾಡಿ ವೇಗವಾದಾಗಲೂ ಇದೇ ಕಥೆ. ನಿಮಿಷಕ್ಕೆ 70 ಬಡಿತವಿದ್ದಾಗ ತುಂಬಿಕೊಳ್ಳಲು ಸಿಗುವ ಬಿಡುವು ಅರ್ಧ ಸೆಕೆಂಡು. 140 ಆದರೆ ಅದರ ಅರ್ಧವೂ ಇಲ್ಲ. ತಾನಾಗಿ ಹರಿದು ಬರುವುದಕ್ಕೆ ಪುರಸೊತ್ತೇ ಇಲ್ಲದಾಗ ತಳ್ಳುವವನ ಮೇಲೆ ಹೊರೆ ಬೀಳುತ್ತದೆ. ಅಂದರೆ ಯಾರ ಹೃದಯಕ್ಕೆ ಮೇಲ್ಕೋಣೆ ಅತ್ಯಗತ್ಯವೋ ಅವರೇ ನಮ್ಮ ಆರೋಗ್ಯ ಕೇಂದ್ರಗಳ ಬೆಂಚಿನ ಮೇಲೆ ಬಿ.ಪಿ. ಮಾತ್ರೆಗಾಗಿ ಕುಳಿತಿರುವ ಅರವತ್ತು ದಾಟಿದವರು.

ಈ ಮೇಲ್ಕೋಣೆಯ ಕುಗ್ಗುವಿಕೆಯೇ ನಿಂತುಹೋಗುವ ಕಾಯಿಲೆಯೊಂದಿದೆ, ಅದು ಅಪರೂಪದ್ದೇನೂ ಅಲ್ಲ. ವೈದ್ಯರು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಬಲ ಮೇಲ್ಕೋಣೆಯ ಮೂಲೆಯಲ್ಲಿ ಬಡಿತಕ್ಕೆ ಚಾಲನೆ ಕೊಡುವ ಗಂಟೊಂದಿದೆ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಅದನ್ನು ಗುರುತಿಸಿದರು. ಅಲ್ಲಿಂದ ಹೊರಟ ವಿದ್ಯುತ್ ಸಂಕೇತ ಎರಡೂ ಮೇಲ್ಕೋಣೆಗಳಲ್ಲಿ ಹರಡಿ, ನಡುವೆ ಕ್ಷಣಮಾತ್ರ ತಡೆದು, ಕೆಳಕ್ಕೆ ಇಳಿಯುತ್ತದೆ. ಮೇಲಿನದು ತುಂಬಿಸಿದ ಮೇಲೆ ಕೆಳಗಿನದು ಚಿಮ್ಮಬೇಕೆಂದೇ ಆ ತಡೆ. ಫಿಬ್ರಿಲೇಶನ್‌ನಲ್ಲಿ ಮೇಲ್ಕೋಣೆಯ ತುಂಬ ಅಡ್ಡಾದಿಡ್ಡಿ ಸಂಕೇತಗಳು, ನಿಮಿಷಕ್ಕೆ 350ಕ್ಕೂ ಹೆಚ್ಚು. ಗೋಡೆ ಕುಗ್ಗುವುದಿಲ್ಲ, ಅದುರುತ್ತದೆ ಅಷ್ಟೆ. ಆ ಗದ್ದಲದಲ್ಲಿ ಕೆಲವು ಸಂಕೇತಗಳು ಮಾತ್ರ ಲೆಕ್ಕಾಚಾರವಿಲ್ಲದೆ ಕೆಳಗಿಳಿಯುವುದರಿಂದ ನಾಡಿಯ ತಾಳ ಪೂರಾ ತಪ್ಪುತ್ತದೆ. ಒಂದು ಬಡಿತ ಬೇಗ, ಇನ್ನೊಂದು ತಡ, ಒಂದು ಜೋರು, ಇನ್ನೊಂದು ಸಿಕ್ಕೇ ಇಲ್ಲ. ಕೆಲವರಿಗೆ ಎದೆ ಡವಡವ ಎನ್ನುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಕಾಲು ಬಾತುಕೊಳ್ಳುತ್ತದೆ. ಹಲವರಿಗೆ ಏನೂ ಗೊತ್ತಾಗುವುದಿಲ್ಲ, ‘ವಯಸ್ಸಾಯ್ತಲ್ಲ, ಸುಸ್ತು’ ಎಂಬ ವಿವರಣೆಯೇ ಸಾಕಾಗುತ್ತದೆ. ನಮ್ಮಲ್ಲಿ ಎಷ್ಟೋ ರೋಗಗಳಿಗೆ ವಯಸ್ಸು ಒಳ್ಳೆಯ ಮರೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಮೇಲ್ಕೋಣೆ ಅಷ್ಟೊಂದು ಮುಖ್ಯವಾದರೆ, ಅದು ಕುಗ್ಗುವುದೇ ನಿಂತ ಮೇಲೂ ಜನ ಹತ್ತು ಹದಿನೈದು ವರ್ಷ ಬದುಕುವುದು ಹೇಗೆ? ಆಕ್ಷೇಪಕ್ಕೆ ಪುರಾವೆಯ ಬೆಂಬಲವೂ ಇದೆ. 2002ರಲ್ಲಿ ಪ್ರಕಟವಾದ ಅಫರ್ಮ್ ಎಂಬ ದೊಡ್ಡ ಪ್ರಯೋಗದಲ್ಲಿ 4,060 ರೋಗಿಗಳ ಪೈಕಿ ಒಂದು ಗುಂಪಿಗೆ ಔಷಧಿಯಿಂದ ಮೇಲ್ಕೋಣೆಯ ತಾಳ ಸರಿಪಡಿಸಲು ಯತ್ನಿಸಿದರು, ಇನ್ನೊಂದಕ್ಕೆ ತಾಳ ಕೆಟ್ಟೇ ಇರಲಿ ಎಂದು ಬಿಟ್ಟು ವೇಗವನ್ನಷ್ಟೇ ಇಳಿಸಿದರು. ಸಾವಿನ ಲೆಕ್ಕದಲ್ಲಿ ಮೊದಲ ಗುಂಪಿಗೆ ಲಾಭವಾಗಲಿಲ್ಲ. ಅದೇ ವರ್ಷ ಬಂದ ಮೋಸ್ಟ್ ಪ್ರಯೋಗದಲ್ಲಿ ಸುಮಾರು ಎರಡು ಸಾವಿರ ಹಿರಿಯರಿಗೆ ಪೇಸ್‌ಮೇಕರ್ ಅಳವಡಿಸಿ, ಕೆಲವರಿಗೆ ಕೆಳಕೋಣೆಯನ್ನಷ್ಟೇ ಬಡಿಯುವಂತೆ, ಕೆಲವರಿಗೆ ಮೇಲಿನದು ಮೊದಲು ಕೆಳಗಿನದು ಆಮೇಲೆ ಬಡಿಯುವಂತೆ ಹೊಂದಿಸಿದರು. ಅಲ್ಲಿಯೂ ಸಾವು, ಲಕ್ವಗಳಲ್ಲಿ ಅಂತರ ಕಾಣಲಿಲ್ಲ. ಇಷ್ಟು ಓದಿ ಪುಸ್ತಕ ಮುಚ್ಚಿದರೆ ಮೇಲ್ಕೋಣೆ ದಂಡಕ್ಕೆ ಇದೆ ಎಂದೇ ತೀರ್ಮಾನಿಸಬೇಕು. ಆದರೆ ಮೋಸ್ಟ್ ವರದಿಯ ಉಳಿದ ಭಾಗ ಬೇರೆಯದೇ ಹೇಳುತ್ತದೆ. ಕೆಳಕೋಣೆ ಮಾತ್ರ ಬಡಿಯುತ್ತಿದ್ದ ಗುಂಪಿನಲ್ಲಿ ಸುಮಾರು ಶೇ 18ರಷ್ಟು ಜನರಿಗೆ ತಲೆಸುತ್ತು, ಏದುಸಿರು, ನಿತ್ರಾಣ ಎಷ್ಟು ಬಾಧಿಸಿತೆಂದರೆ ಅವರ ಪೇಸ್‌ಮೇಕರನ್ನು ಮೇಲ್ಕೋಣೆಯೂ ಬಡಿಯುವಂತೆ ಬದಲಾಯಿಸಬೇಕಾಯಿತು. ಎರಡೂ ಕೋಣೆ ಬಡಿಯುವಂತೆ ಹೊಂದಿಸಿದ್ದವರಲ್ಲಿ ಹೃದಯ ಸೋತು ಆಸ್ಪತ್ರೆ ಸೇರುವುದು ಸ್ವಲ್ಪ ಕಡಿಮೆ, ಫಿಬ್ರಿಲೇಶನ್ ಕೂಡ ಕಡಿಮೆ. ಅಫರ್ಮ್‌ನಲ್ಲಿ ತಾಳ ಸರಿಪಡಿಸಲು ಬಳಸಿದ ಔಷಧಿಗಳಿಗೆ ತಮ್ಮದೇ ಅಡ್ಡಪರಿಣಾಮಗಳಿದ್ದವು. ತಾಳ ಸರಿಹೋಯಿತೆಂದು ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿದವರಲ್ಲಿ ಲಕ್ವ ಕಂಡಿತು. 2020ರ ಈಸ್ಟ್ ಎಂಬ ಯುರೋಪಿನ ಪ್ರಯೋಗದಲ್ಲಿ, ಕಾಯಿಲೆ ಗೊತ್ತಾದ ಮೊದಲ ವರ್ಷದಲ್ಲೇ ತಾಳ ಸರಿಪಡಿಸಲು ಹೊರಟಾಗ ಹೃದಯ, ರಕ್ತನಾಳಗಳ ತೊಂದರೆಯ ಸಾವು, ಲಕ್ವ, ಹೃದಯದ ಕಾರಣಕ್ಕೆ ಆಸ್ಪತ್ರೆ ಸೇರುವಿಕೆಗಳ ಒಟ್ಟು ಲೆಕ್ಕ ಇಳಿಯಿತು. ಮೇಲ್ಕೋಣೆ ನಿಂತರೆ ತಕ್ಷಣ ಸಾವಿಲ್ಲ, ನಿಜ. ಬದುಕಿರುವುದಕ್ಕೂ ಮಾರ್ಕೆಟ್ಟಿನಿಂದ ಚೀಲ ಹೊತ್ತು ಎರಡನೇ ಮಹಡಿ ಹತ್ತುವುದಕ್ಕೂ ಇರುವ ಅಂತರದಲ್ಲಿ ಅದರ ಪಾಲಿದೆ. ಆ ಅಂತರ ಹಿರಿಯರಿಗೆ ಸಣ್ಣದೆಂದು ನನಗನ್ನಿಸುವುದಿಲ್ಲ.

ಆದರೆ ಮೇಲ್ಕೋಣೆ ನಿಂತಾಗ ಆಗುವ ದೊಡ್ಡ ಹಾನಿ ಪಂಪಿನದಲ್ಲ, ನಿಂತ ರಕ್ತದ್ದು. ಎಡ ಮೇಲ್ಕೋಣೆಗೆ ಅಂಟಿಕೊಂಡು ಹೆಬ್ಬೆರಳಿನ ಗಾತ್ರದ ಒಂದು ಚೀಲವಿದೆ. ಮೇಲ್ಕೋಣೆ ಕುಗ್ಗುತ್ತಿರುವವರೆಗೆ ಅದರೊಳಗಿನ ರಕ್ತವೂ ತೊಳೆದು ಹೋಗುತ್ತಿರುತ್ತದೆ. ಅದುರಲು ಶುರುವಾದ ಮೇಲೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಕವಾಟದ ರೋಗವಿಲ್ಲದ ಫಿಬ್ರಿಲೇಶನ್ ರೋಗಿಗಳಲ್ಲಿ ಎಡ ಮೇಲ್ಕೋಣೆಯಲ್ಲಿ ಸಿಕ್ಕ ಹೆಪ್ಪುಗಳ ಪೈಕಿ ಸುಮಾರು ಶೇ 90 ಆ ಚೀಲದಲ್ಲೇ ಇದ್ದವು. ಒಂದು ತುಣುಕು ಕಳಚಿಕೊಂಡರೆ ಎಡ ಕೆಳಕೋಣೆ ಅದನ್ನು ನೇರವಾಗಿ ಮಿದುಳಿಗೆ ಚಿಮ್ಮಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಜನರನ್ನು ಮೂರು ದಶಕಕ್ಕೂ ಮೀರಿ ಹಿಂಬಾಲಿಸಿ 1991ರಲ್ಲಿ ಬಂದ ವರದಿ, ಫಿಬ್ರಿಲೇಶನ್ ಇದ್ದವರಿಗೆ ಲಕ್ವದ ಅಪಾಯ ಐದು ಪಟ್ಟು ಎಂದಿತು. ಐವತ್ತರ ಪ್ರಾಯದಲ್ಲಿ ಒಟ್ಟು ಲಕ್ವಗಳಲ್ಲಿ ಇದರ ಪಾಲು ಶೇ 1.5, ಎಂಬತ್ತರ ಪ್ರಾಯದಲ್ಲಿ ಶೇ 23.5. ಇಂಥ ಲಕ್ವ ಬೇರೆ ಲಕ್ವಗಳಿಗಿಂತ ಹೆಚ್ಚು ಕೆಡುಕು ಮಾಡುತ್ತದೆ, ಏಕೆಂದರೆ ಹೆಪ್ಪು ದೊಡ್ಡದು, ಮುಚ್ಚುವುದೂ ದೊಡ್ಡ ನಾಳವನ್ನು. ಸಂಜೆವರೆಗೆ ಚೆನ್ನಾಗಿಯೇ ಇದ್ದವರ ಬಾಯಿ ಸೊಟ್ಟಗಾಗಿ ಬಲಗೈ ಬಿದ್ದುಹೋದಾಗ ಮನೆಯವರು ಬಿ.ಪಿ. ಏರಿತೆಂದೋ, ಯೋಚನೆ ಹಚ್ಚಿಕೊಂಡರೆಂದೋ ಹೇಳುತ್ತಾರೆ. ಹೃದಯದ ಮೇಲ್ಕೋಣೆಯ ಹೆಸರು ಆ ಮನೆಯಲ್ಲಿ ಆ ಹೊತ್ತಿಗೂ ಯಾರ ಬಾಯಲ್ಲೂ ಬರುವುದಿಲ್ಲ.

ಪಶ್ಚಿಮದ ದೇಶಗಳ ಲೆಕ್ಕ ನಮಗೇಕೆ, ಅಲ್ಲಿ ಮುದುಕರೇ ಹೆಚ್ಚು, ನಮ್ಮಲ್ಲಿ ನಲವತ್ತರಲ್ಲೇ ಹೃದಯಾಘಾತ, ಮೊದಲು ಅದನ್ನು ನೋಡಿ ಎಂದು ಕೇಳುವವರಿದ್ದಾರೆ. ಭಾರತದಲ್ಲಿ ಫಿಬ್ರಿಲೇಶನ್ ಯುರೋಪಿನಷ್ಟಿಲ್ಲ ಎಂಬುದು ಸರಿ. ಆದರೆ ನಮ್ಮ ಹೃದಯತಾಳ ತಜ್ಞರ ಸಂಘ ದೇಶದ ಹಲವು ಆಸ್ಪತ್ರೆಗಳಿಂದ ಒಂದೂವರೆ ಸಾವಿರ ರೋಗಿಗಳ ವಿವರ ಕಲೆಹಾಕಿದಾಗ ಕಂಡದ್ದು ಯೋಚಿಸುವಂಥದ್ದು. ಅವರ ಸರಾಸರಿ ವಯಸ್ಸು 55ರ ಆಸುಪಾಸು, ಪಶ್ಚಿಮದವರಿಗಿಂತ ಹತ್ತು ಹದಿನೈದು ವರ್ಷ ಕಿರಿಯರು. ಅರ್ಧದಷ್ಟು ಮಹಿಳೆಯರು. ಅರ್ಧಕ್ಕೆ ಸ್ವಲ್ಪವೇ ಕಡಿಮೆ ಜನರಿಗೆ ರುಮ್ಯಾಟಿಕ್ ಕವಾಟ ರೋಗ. ಅದು ಒತ್ತೊತ್ತಾಗಿ ಬದುಕುವ ಮನೆಗಳ, ಚಿಕ್ಕಂದಿನ ಗಂಟಲು ನೋವಿನ ರೋಗ. ಗಂಟಲಿನ ಸೋಂಕಿಗೆ ಸರಿಯಾದ ಔಷಧ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ಕೀಲು ನೋವು, ಜ್ವರ ಬಂದು ಹೋಗುತ್ತದೆ, ಹೃದಯದ ಕವಾಟದಲ್ಲಿ ಗಾಯ ಉಳಿಯುತ್ತದೆ. 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದ ಮೈಟ್ರಲ್ ಕವಾಟ ವರ್ಷಗಳು ಕಳೆದಂತೆ 1.5ಕ್ಕೂ ಕೆಳಗಿಳಿಯುತ್ತದೆ. ಕಿರಿದಾದ ಬಾಗಿಲಲ್ಲಿ ರಕ್ತ ತಳ್ಳಲು ಎಡ ಮೇಲ್ಕೋಣೆ ಹೆಣಗಾಡಿ, ಊದಿಕೊಂಡು, ಕೊನೆಗೆ ಅದುರತೊಡಗುತ್ತದೆ. ಇಂಥ ಹೆಂಗಸು ಗರ್ಭಿಣಿಯಾದಾಗ ರಕ್ತದ ಪ್ರಮಾಣವೂ ನಾಡಿಯ ವೇಗವೂ ಏರಿ, ಆ ಹೊತ್ತಿಗೇ ಮೇಲ್ಕೋಣೆಯ ತಳ್ಳಾಟವೂ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಕುತ್ತು ಬರುತ್ತದೆ. ಕವಾಟ ಹಾಳಾದವರಲ್ಲಿ ಫಿಬ್ರಿಲೇಶನ್ ಸೇರಿದರೆ ಲಕ್ವದ ಅಪಾಯ ಹದಿನೇಳು ಪಟ್ಟು ಎಂದು ಅದೇ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1978ರಲ್ಲೇ ಹೇಳಿತ್ತು. ಜಪಾನಿನ ಕಾಂಜಿ ಇನೋಯೆ 1980ರ ದಶಕದಲ್ಲಿ ಎದೆ ಕೊಯ್ಯದೆ ಬಲೂನಿನಿಂದ ಈ ಕವಾಟ ಹಿಗ್ಗಿಸುವ ದಾರಿ ತೋರಿದರು. ಬೆಂಗಳೂರಿನ ಜಯದೇವ ಆಸ್ಪತ್ರೆ ಆ ಚಿಕಿತ್ಸೆಯ ದೊಡ್ಡ ಕೇಂದ್ರವಾಗಿ ಬೆಳೆಯಿತು, ಅಲ್ಲಿ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅದರಲ್ಲಿ ತಮ್ಮದೇ ವಿಧಾನವನ್ನೂ ರೂಪಿಸಿದರು. ಈ ಊರಿಗೆ ಮೇಲ್ಕೋಣೆಯ ರೋಗ ಹೊಸದಲ್ಲ, ಪರಿಣತಿಯೂ ಹೊಸದಲ್ಲ. ಹೊಸದಾಗಿ ಬೇಕಾಗಿರುವುದು ರೋಗಿಯನ್ನು ಆ ಪರಿಣತಿಯ ಬಾಗಿಲಿಗೆ ಹೊತ್ತು ಮೀರುವ ಮುಂಚೆ ಮುಟ್ಟಿಸುವ ದಾರಿ.

ಆ ದಾರಿ ಬಾಪೂಜಿ ನಗರದಂಥ ಬಡಾವಣೆಯಲ್ಲಿ ಎಲ್ಲಿ ಶುರುವಾಗಬೇಕು? ಮೈಸೂರು ರಸ್ತೆಗೆ ಅಂಟಿಕೊಂಡು, ಕಿರಿದಾದ ಅಡ್ಡರಸ್ತೆಗಳಲ್ಲಿ ಮನೆಯ ಮೇಲೆ ಮನೆ ಕಟ್ಟಿಕೊಂಡ ಬಡಾವಣೆ ಇದು. ಹೃದಯಾಘಾತವಾದರೆ ಹೋಗಲು ಜಾಗಗಳಿವೆ: ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಆವರಣದಲ್ಲಿ ಜಯದೇವದ ಘಟಕವಿದೆ, ಮಾರ್ಕೆಟ್ ಕಡೆ ಹೋದರೆ ವಿಕ್ಟೋರಿಯಾ ಇದೆ. ಲಕ್ವಕ್ಕೆ ಹೆಸರಾದ ನಿಮ್ಹಾನ್ಸ್ ಇರುವುದು ಊರಿನ ಆಚೆ ಬದಿಗೆ, ಹೊಸೂರು ರಸ್ತೆಯಲ್ಲಿ. ಲಕ್ವ ಹೊಡೆದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಕಾಶ ನಾಲ್ಕೂವರೆ ಗಂಟೆ. ಅದರಲ್ಲಿ ಮೈಸೂರು ರಸ್ತೆಯ ಟ್ರಾಫಿಕ್ಕಿಗೆ ಎಷ್ಟು ಹೋಗುತ್ತದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಲಕ್ವ ಬಂದ ಮೇಲೆ ಓಡುವುದಕ್ಕಿಂತ ಬರುವ ಮೊದಲು ಹಿಡಿಯುವುದೇ ಈ ಭಾಗಕ್ಕೆ ಒಪ್ಪುವ ಲೆಕ್ಕ. ಹಿಡಿಯುವ ಜಾಗಗಳೂ ಹತ್ತಿರದಲ್ಲೇ ಇವೆ. ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ, 2023ರಿಂದ ವಾರ್ಡಿಗೊಂದರಂತೆ ತೆರೆಯಲು ಹೊರಟ ನಮ್ಮ ಕ್ಲಿನಿಕ್‌ಗಳಿವೆ, ಮನೆಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ನೋಡುವ ‘ಗೃಹ ಆರೋಗ್ಯ’ ಯೋಜನೆ ಇದೆ. ಆದರೆ ಈಗ ಅಲ್ಲೆಲ್ಲ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಯಂತ್ರ ಮೂರು ಅಂಕಿ ತೋರಿಸುತ್ತದೆ, ಅವನ್ನು ಬರೆದುಕೊಂಡರೆ ಮುಗಿಯಿತು. ಹಿಂದೆ ಪಾದರಸದ ಯಂತ್ರವಿದ್ದಾಗ ಬಿ.ಪಿ. ನೋಡುವವರ ಬೆರಳು ಸಾಮಾನ್ಯವಾಗಿ ರೋಗಿಯ ನಾಡಿಯ ಮೇಲೆ ಇರುತ್ತಿತ್ತು. ಡಿಜಿಟಲ್ ಯಂತ್ರ ಬಂದು ಆ ಬೆರಳು ಎದ್ದುಹೋಯಿತು. ವಿಪರ್ಯಾಸವೆಂದರೆ ತಾಳ ತಪ್ಪಿದ ನಾಡಿಯಲ್ಲಿ ಆ ಯಂತ್ರದ ಅಂಕಿಯನ್ನೇ ನಂಬುವಂತಿಲ್ಲ. ಡಿಜಿಟಲ್ ಯಂತ್ರ ಹಚ್ಚುವ ಮೊದಲು ಕೈಯಿಂದ ನಾಡಿ ನೋಡಿ, ತಪ್ಪಿದ್ದರೆ ಬೇರೆ ವಿಧಾನದಲ್ಲಿ ಅಳೆಯಿರಿ ಎಂದು ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯೇ ಹೇಳುತ್ತದೆ.

ನಾಡಿ ಹಿಡಿಯುವುದು ಹಳೇ ಕಾಲದ ಮಾತು, ಅದರಿಂದ ಏನು ಗೊತ್ತಾಗುತ್ತದೆ ಎನ್ನುವವರಿಗೆ ಇಂಗ್ಲೆಂಡಿನ ಒಂದು ಪ್ರಯೋಗವನ್ನು ತೋರಿಸಬಹುದು. 2007ರಲ್ಲಿ ಪ್ರಕಟವಾದ ಅದರಲ್ಲಿ 50 ಸಾಮಾನ್ಯ ಕ್ಲಿನಿಕ್ಕುಗಳ 65 ದಾಟಿದ ಸುಮಾರು ಹದಿನೈದು ಸಾವಿರ ಜನರಿದ್ದರು. ಎಂದಿನಂತೆ ನಡೆದ ಕ್ಲಿನಿಕ್ಕುಗಳಲ್ಲಿ ವರ್ಷಕ್ಕೆ ನೂರಕ್ಕೆ 1.04 ಹೊಸ ಫಿಬ್ರಿಲೇಶನ್ ಪತ್ತೆಯಾದರೆ, ತಪಾಸಣೆ ನಡೆಸಿದ ಕಡೆ 1.63. ಎಲ್ಲರನ್ನೂ ಕರೆಸಿ ಇ.ಸಿ.ಜಿ. ತೆಗೆಯುವುದಕ್ಕೂ, ಬೇರೆ ಕೆಲಸಕ್ಕೆ ಬಂದವರ ನಾಡಿ ನೋಡಿ ತಾಳ ತಪ್ಪಿದವರಿಗಷ್ಟೇ ಇ.ಸಿ.ಜಿ. ಮಾಡುವುದಕ್ಕೂ ಫಲದಲ್ಲಿ ವ್ಯತ್ಯಾಸ ಸಿಗಲಿಲ್ಲ. ಬೆರಳು ಹತ್ತರಲ್ಲಿ ಒಂಬತ್ತು ಪ್ರಕರಣ ಹಿಡಿಯುತ್ತದೆ. ತಪ್ಪು ಎಚ್ಚರಿಕೆಗಳನ್ನೂ ಸಾಕಷ್ಟು ಕೊಡುತ್ತದೆ, ಅದಕ್ಕೇ ಇ.ಸಿ.ಜಿ. ಇರುವುದು. ಪ್ರತಿ ಬಡಿತದ ಮೊದಲಿಗೆ ಮೇಲ್ಕೋಣೆ ಬರೆಯುವ ಸಣ್ಣ ಉಬ್ಬು, ‘ಪಿ’ ಅಲೆ, ಕಾಣೆಯಾಗಿದ್ದರೆ ಸಂಶಯ ಉಳಿಯುವುದಿಲ್ಲ. ಹೃದಯಾಘಾತ ಹುಡುಕಲು ನಾವೀಗಾಗಲೇ ಕೊಂಡ ಯಂತ್ರಗಳು ಆ ಉಬ್ಬನ್ನೂ ಬರೆಯುತ್ತವೆ, ಅದಕ್ಕಾಗಿ ಬೇರೆ ಬಜೆಟ್ ಬೇಡ.

ಇನ್ನೂ ಕಠಿಣವಾದ ಆಕ್ಷೇಪ ಹೃದ್ರೋಗ ತಜ್ಞರಿಂದಲೇ ಬರುತ್ತದೆ. ಪತ್ತೆ ಮಾಡಿದಷ್ಟಕ್ಕೆ ಲಕ್ವ ಕಡಿಮೆಯಾಗುತ್ತದೆ ಎಂಬುದಕ್ಕೆ ಸಾಕ್ಷಿ ಎಲ್ಲಿ? 2021ರಲ್ಲಿ ಡೆನ್ಮಾರ್ಕಿನ ಲೂಪ್ ಪ್ರಯೋಗದಲ್ಲಿ ಆರು ಸಾವಿರ ಹಿರಿಯರ ಪೈಕಿ ಒಂದು ಗುಂಪಿನವರ ಎದೆಯ ಚರ್ಮದಡಿ ತಾಳ ದಾಖಲಿಸುವ ಉಪಕರಣ ಇಟ್ಟು ನೋಡಿದರು. ಫಿಬ್ರಿಲೇಶನ್ ಎರಡೂವರೆ ಪಟ್ಟು ಹೆಚ್ಚು ಪತ್ತೆಯಾಯಿತು, ಲಕ್ವ ಮಾತ್ರ ಖಚಿತವೆನ್ನುವಷ್ಟು ಇಳಿಯಲಿಲ್ಲ. ಸ್ವೀಡನ್ನಿನಲ್ಲಿ 75, 76 ವರ್ಷದವರಿಗೆ ಎರಡು ವಾರ ಮನೆಯಲ್ಲೇ ಇ.ಸಿ.ಜಿ. ಮಾಡಿಸಿದಾಗ ಲಾಭ ಸಿಕ್ಕಿತು, ಆದರೆ ಸಣ್ಣದು. ಈ ಫಲಿತಾಂಶಗಳನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಆದರೆ ಲೂಪ್ ಹಿಡಿದದ್ದು ಆಗೊಮ್ಮೆ ಈಗೊಮ್ಮೆ ಕೆಲವು ನಿಮಿಷ ಬಂದು ಹೋಗುವ ತಾಳತಪ್ಪುವಿಕೆಯನ್ನೂ ಸೇರಿಸಿ. ಕ್ಲಿನಿಕ್ಕಿನಲ್ಲಿ ಅರ್ಧ ನಿಮಿಷ ಬೆರಳಿಟ್ಟಾಗ ಸಿಕ್ಕಿಬೀಳುವುದು ಹೆಚ್ಚಾಗಿ ಸದಾ ತಪ್ಪಿಯೇ ಇರುವ ತಾಳ, ಲಕ್ವದ ಅಪಾಯವೂ ಅಂಥವರಲ್ಲೇ ಜಾಸ್ತಿ. ಮೇಲಾಗಿ ಡೆನ್ಮಾರ್ಕಿನಲ್ಲಿ ಉಪಕರಣವಿಲ್ಲದ ಗುಂಪಿನಲ್ಲಿಯೂ ಕುಟುಂಬ ವೈದ್ಯರು ನೂರಕ್ಕೆ ಹನ್ನೆರಡು ಜನರ ಕಾಯಿಲೆಯನ್ನು ತಾವಾಗಿಯೇ ಹಿಡಿದಿದ್ದರು. ಅಂಥ ಬುನಾದಿ ಇರುವ ಕಡೆ ಮತ್ತೊಂದು ಯಂತ್ರ ಹೆಚ್ಚೇನೂ ಸೇರಿಸದಿರಬಹುದು. ನಾಡಿಯನ್ನೇ ಮುಟ್ಟದ ಕಡೆ ಲೆಕ್ಕ ಬೇರೆ. ಎದೆಯಲ್ಲಿ ಉಪಕರಣ ಇಡಿ, ಎಲ್ಲರಿಗೂ ಸ್ಮಾರ್ಟ್ ವಾಚು ಹಂಚಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಕೇಳುವವರು ಬಂದರೆ ವಿರೋಧಿಸುವುದೇ ಒಳ್ಳೆಯದು.

ಪತ್ತೆಯಾದ ಮೇಲಿನ ಚಿಕಿತ್ಸೆಯ ಬಗ್ಗೆ ಅನುಮಾನಕ್ಕೆ ಎಡೆ ಕಡಿಮೆ. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ಇಂಥ ರೋಗಿಗಳಲ್ಲಿ ಲಕ್ವವನ್ನು ಸುಮಾರು ಮೂರನೇ ಎರಡರಷ್ಟು ತಡೆಯುತ್ತದೆ. ನಮ್ಮಲ್ಲಿ ‘ಹಾರ್ಟಿಗೆ ಒಳ್ಳೆಯದು’ ಎಂದು ವರ್ಷಗಟ್ಟಲೆ ನುಂಗುವ ಆಸ್ಪಿರಿನ್ ಈ ವಿಷಯದಲ್ಲಿ ಬಹಳ ದುರ್ಬಲ. 2011ರ ಅವೆರೋಸ್ ಪ್ರಯೋಗದಲ್ಲಿ ಅಪಿಕ್ಸಬಾನ್ ಎಂಬ ಹೊಸ ಮಾತ್ರೆ ಆಸ್ಪಿರಿನ್‌ಗೆ ಹೋಲಿಸಿದರೆ ಲಕ್ವವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿತು, ದೊಡ್ಡ ರಕ್ತಸ್ರಾವ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆ ಮಾತ್ರೆಯನ್ನು ಈಗ ಭಾರತೀಯ ಕಂಪನಿಗಳೂ ತಯಾರಿಸುತ್ತವೆ. ಆದರೆ ಮೈಟ್ರಲ್ ಕವಾಟ ಕಿರಿದಾದ ರುಮ್ಯಾಟಿಕ್ ರೋಗಿಗಳಿಗೆ ಹೊಸ ಬಗೆಯ ಮಾತ್ರೆಗಿಂತ ವಾರ್ಫರಿನ್ನಿನಂಥ ಹಳೆಯ ಬಗೆಯದೇ ಮೇಲು ಎಂದು 2022ರಲ್ಲಿ ಬಂದ ಇನ್ವಿಕ್ಟಸ್ ಪ್ರಯೋಗ ತೋರಿಸಿದೆ, ಅದರಲ್ಲಿ ಭಾರತದ ರೋಗಿಗಳೂ ಇದ್ದರು. ಹಳೆಯ ಮಾತ್ರೆಗೆ ಒಂದು ಕಟ್ಟುಪಾಡಿದೆ. ರಕ್ತ ಎಷ್ಟು ತೆಳುವಾಗಿದೆ ಎಂದು ಆಗಾಗ ಐ.ಎನ್.ಆರ್. ಪರೀಕ್ಷೆ ಆಗಬೇಕು, ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಅದಕ್ಕಾಗಿ ತಿಂಗಳಿಗೊಮ್ಮೆ ದಿನಗೂಲಿ ಬಿಟ್ಟು ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಮೂರನೇ ತಿಂಗಳಿಗೆ ಹೋಗುವುದನ್ನೇ ಬಿಡುತ್ತಾರೆ. ನಾಡಿ ನೋಡಿ ಎನ್ನುವವರು ಈ ಪರೀಕ್ಷೆಯನ್ನೂ ವಾರ್ಡಿನ ಕ್ಲಿನಿಕ್ಕಿಗೆ ತನ್ನಿ ಎಂದು ಕೇಳಲೇಬೇಕು, ಇಲ್ಲದಿದ್ದರೆ ಪತ್ತೆ ಮಾಡಿ ಕೈಬಿಟ್ಟಂತೆ. ಅಲ್ಲಿ ಲ್ಯಾಬ್ ಟೆಕ್ನಿಷಿಯನ್ ಇದ್ದಾರೆ, ಬೆರಳ ತುದಿಯ ಒಂದು ಹನಿ ರಕ್ತದಿಂದ ಈ ಪರೀಕ್ಷೆ ಮಾಡುವ ಸಣ್ಣ ಯಂತ್ರಗಳು ಮಾರುಕಟ್ಟೆಯಲ್ಲಿವೆ.

ಮೇಲ್ಕೋಣೆ ಪಂಪು ಮಾತ್ರವೂ ಅಲ್ಲ. ಕೆನಡಾದ ಅಡಾಲ್ಫೋ ಡಿ ಬೋಲ್ಡ್ 1981ರಲ್ಲಿ ಇಲಿಗಳ ಹೃತ್ಕರ್ಣದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದಾಗ ಅವು ಧಾರಾಳವಾಗಿ ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಹಾಕಿದವು. ರಕ್ತ ಹೆಚ್ಚಾಗಿ ಗೋಡೆ ಹಿಗ್ಗಿದರೆ ಮೂತ್ರಪಿಂಡಕ್ಕೆ ಸುದ್ದಿ ಕಳಿಸುವ ಗ್ರಂಥಿಯೂ ಅದೇ ಎಂದು ಆಗ ಗೊತ್ತಾಯಿತು. ಮೂರೂವರೆ ಶತಮಾನ ಬರೀ ಪಂಪು ಎಂದುಕೊಂಡಿದ್ದ ಜಾಗದಲ್ಲಿ ಇಷ್ಟೆಲ್ಲ ನಡೆಯುತ್ತಿತ್ತು.

ಆರೋಗ್ಯ ಇಲಾಖೆಯಿಂದ ಆಗಬೇಕಾದ್ದು ಮೂರು ಸಾಲಿನ ಸುತ್ತೋಲೆ. ‘ಗೃಹ ಆರೋಗ್ಯ’ದ ನಮೂನೆಯಲ್ಲಿ ಬಿ.ಪಿ. ಕಾಲಂ ಪಕ್ಕ ನಾಡಿಯ ತಾಳಕ್ಕೊಂದು ಕಾಲಂ ಬರಲಿ. ತಪ್ಪಿದ್ದರೆ ಅದೇ ವಾರ ಇ.ಸಿ.ಜಿ. ಆಗಲಿ, ಐ.ಎನ್.ಆರ್. ಪರೀಕ್ಷೆ ವಾರ್ಡಿನಲ್ಲೇ ಸಿಗಲಿ. ಸುತ್ತೋಲೆ ಬರುವವರೆಗೆ ಓದುಗರು ಕಾಯಬೇಕಾಗಿಲ್ಲ. ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಅವರನ್ನು ಕೂರಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಅರ್ಧ ನಿಮಿಷ ಗಮನಿಸಿ. ವೇಗ ಎಷ್ಟೆಂದು ಎಣಿಸುವುದು ಆಮೇಲಾಗಲಿ, ಮೊದಲು ಬಡಿತಗಳ ನಡುವಿನ ಬಿಡುವು ಒಂದೇ ಸಮನಾಗಿದೆಯೇ ನೋಡಿ. ಇಲ್ಲವೆನ್ನಿಸಿದರೆ ಇನ್ನೊಮ್ಮೆ, ಪೂರ್ತಿ ಒಂದು ನಿಮಿಷ ನೋಡಿ. ಆಗಲೂ ತಾಳ ಸಿಗದಿದ್ದರೆ ಗಾಬರಿ ಬೇಡ, ತಾವಾಗಿ ಮಾತ್ರೆ ಶುರುಮಾಡುವುದೂ ಬೇಡ. ಹತ್ತಿರದ ಕೇಂದ್ರಕ್ಕೆ ಕರೆದೊಯ್ದು ಒಂದು ಇ.ಸಿ.ಜಿ. ಮಾಡಿಸಿ, ‘ಪಿ ಅಲೆ ಇದೆಯೇ?’ ಎಂದು ವೈದ್ಯರನ್ನು ಕೇಳಿ.